ಕೋಡಿಬಾಗದ ಬಾಲ್ಕನಿ, ಹನ್ನೆರಡು ಬಕೆಟ್, ಒಂದು ಮಳೆಗಾಲ

ಕೆಳಗಿನ ಮನೆಯ ಬಿಳಿ ಹೊದಿಕೆಯ ಮೇಲೆ ನನ್ನ ಬಾಲ್ಕನಿಯ ತರಕಾರಿ ಬಕೆಟ್ಟಿನ ಕೆಂಪು ನೀರು ಬಿದ್ದದ್ದು ಕಳೆದ ವರ್ಷ ಜೂನ್ ಎರಡನೇ ವಾರದಲ್ಲಿ. ಬಾಗಿಲು ತೆಗೆದರೆ ಕೆಳಗಿನ ಮನೆಯ ಹೆಂಗಸು ಆ ಹೊದಿಕೆಯನ್ನೇ ಮಡಚಿ ಕೈಯಲ್ಲಿ ಹಿಡಿದು ನಿಂತಿದ್ದರು. “ಹೆಗಡೇರೇ, ನಿಮ್ಮ ತೋಟ ನಮ್ಮನೆಗೆ ಇಳಿದು ಬಂತು ನೋಡಿ” ಎಂದರು. ಬೈದಿದ್ದರೆ ಸಲೀಸಿತ್ತು, ನಗುತ್ತ ಹೇಳಿದರು. ಹೊದಿಕೆ ತೊಳೆಸಿ ಕೊಟ್ಟೆ. ಕಲೆ ಹೋಗಲಿಲ್ಲ. ಚಿರೆಮಣ್ಣಿನ (ಕೆಂಪು ಜಂಬಿಟ್ಟಿಗೆ ಮಣ್ಣಿನ) ಕಲೆ ಬಿಳಿ ಬಟ್ಟೆಯಿಂದ ಹೋಗುವಂಥದ್ದಲ್ಲ ಎಂದು ಮಳೆಗಾಲದಲ್ಲಿ ಬಿಳಿ ಪಂಚೆ ಉಟ್ಟು ತೋಟಕ್ಕೆ ಇಳಿದವರಿಗೆಲ್ಲ ಗೊತ್ತು.

ಆಮೇಲೆ ಏನನ್ನು ಕಿತ್ತೆ, ಏನನ್ನು ಕಟ್ಟಿದೆ, ಯಾವುದು ಸತ್ತಿತು, ಯಾವುದು ಬದುಕಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಗೀಚಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಬಾಲ್ಕನಿ ತರಕಾರಿಯ ಬಗ್ಗೆ ನನಗೆ ಸಿಕ್ಕ ಸಲಹೆಗಳೆಲ್ಲ ಬಯಲುಸೀಮೆಯ ಬಿಸಿಲು ತಾರಸಿಗೆ ಹೇಳಿ ಮಾಡಿಸಿದವು: ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು, ಡ್ರಿಪ್ ಹೇಗೆ ಕೂರಿಸಬೇಕು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಇಲ್ಲಿಯ ತಲೆಬಿಸಿ ಬೇರೆ. ಬಕೆಟ್ಟಿನೊಳಗಿನ ನೀರು ಹೊರಗೆ ಹೋಗುವುದು ಹೇಗೆ, ಹೊರಗೆ ಹೋದದ್ದು ಎಲ್ಲಿಗೆ ಹೋಗಬೇಕು. ನನ್ನ ಒಂದು ವರ್ಷದ ಕೆಲಸವೆಲ್ಲ ಇವೆರಡರ ಸುತ್ತಲೇ ಆಯಿತು.

ಫೆಬ್ರವರಿ: ಮೊದಲು ಮಾಡಿದ್ದು

ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯವನು, ಕಾರವಾರಕ್ಕೆ ಬಂದದ್ದು ನೌಕರಿಗೆ. ಕೋಡಿಬಾಗದಲ್ಲಿ ಮೂರನೇ ಮಹಡಿ. ಬಾಲ್ಕನಿ ಹತ್ತಡಿ ಉದ್ದ, ನಾಲ್ಕಡಿ ಅಗಲ, ಪಡುವಣಕ್ಕೆ ಮುಖ. ಮಧ್ಯಾಹ್ನ ಒಂದರಿಂದ ಸೂರ್ಯ ಮುಳುಗುವವರೆಗೆ ಬಿಸಿಲು, ಅಂದರೆ ಕಾಯಿಪಲ್ಲೆಗೆ ಸಾಕು. (ನಿಮ್ಮದು ದಕ್ಷಿಣಕ್ಕೆ ಮುಖವಿದ್ದರೆ ಒಂದು ಮಾತು: ಕಾರವಾರ ಇರುವುದು ಹೆಚ್ಚುಕಡಿಮೆ 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಆರಂಭದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರಿನಲ್ಲಿ ಗೋಡೆಯವರೆಗೂ ಬರುತ್ತಿದ್ದ ಬಿಸಿಲು ಆಗ ನಿಮ್ಮ ಬಾಲ್ಕನಿಗೆ ಇಣುಕುವುದೂ ಇಲ್ಲ. ಚಳಿಗಾಲದ ಬಿಸಿಲು ನೋಡಿ ಕುಂಡ ಜೋಡಿಸಬೇಡಿ.)

ಗುಜರಿ ಅಂಗಡಿಯಿಂದ 20 ಲೀಟರಿನ ಪೇಂಟ್ ಬಕೆಟ್ ಹನ್ನೆರಡು ತಂದೆ, ಒಂದಕ್ಕೆ 40 ರೂಪಾಯಿ. ಗೋಡೆಗೆ ಬಳಿಯುವ ಎಮಲ್ಶನ್ ಬಣ್ಣದ್ದು ಮಾತ್ರ ಆರಿಸಿದೆ. ಒಂದು ರಾತ್ರಿ ನೀರಲ್ಲಿ ನೆನೆಸಿಟ್ಟರೆ ಒಣಗಿದ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತದೆ. ಎಣ್ಣೆ ಬಣ್ಣದ ಡಬ್ಬಿಗಳ ತಂಟೆಗೆ ಹೋಗಲಿಲ್ಲ. ಬೈತಖೋಲ್ ಬಂದರಿನಲ್ಲಿ ಮೀನಿನ ಥರ್ಮಾಕೋಲ್ ಪೆಟ್ಟಿಗೆ ಪುಕ್ಕಟೆ ಸಿಗುತ್ತದೆ ಎಂದು ಅವನ್ನೂ ಎರಡು ತಂದು ನೋಡಿದೆ. ಹಗುರ, ಬೇರಿಗೆ ಬಿಸಿ ತಟ್ಟುವುದಿಲ್ಲ, ಅದೆಲ್ಲ ನಿಜ. ಆದರೆ ಎರಡು ತಿಂಗಳ ಬಿಸಿಲಿಗೆ ಅಂಚು ಪುಡಿಯಾಗಿ ಬಿಳಿ ಕಾಳು ಗಾಳಿಗೆ ಹಾರತೊಡಗಿತು. ಹಾರಿದ್ದು ಸೀದಾ ಸಮುದ್ರಕ್ಕೆ. ಬಿಟ್ಟೆ.

ಮಣ್ಣು ಬಂದದ್ದು ಊರಿಂದ. ಮೀನು ಒಯ್ಯಲು ಘಟ್ಟ ಇಳಿಯುವ ಪಿಕಪ್ ಬರುವಾಗ ಖಾಲಿಯೇ ಇರುತ್ತದಲ್ಲ, ಪರಿಚಯದವನೊಬ್ಬ ಆರು ಚೀಲ ಕೆಂಪು ಮಣ್ಣನ್ನು ದೇವಿಮನೆ ಘಟ್ಟ ಇಳಿಸಿ ತಂದುಕೊಟ್ಟ. ಮನೆ ಹಿತ್ತಲಿನ ಮಣ್ಣು, ಮೇಲಿಂದ ಕೊಟ್ಟಿಗೆ ಗೊಬ್ಬರ. ಇದಕ್ಕಿಂತ ಒಳ್ಳೆಯದು ಬೇರೇನಿದ್ದೀತು ಎಂಬ ಹೆಮ್ಮೆ ಬೇರೆ. ಅರ್ಧ ಮಣ್ಣು, ಅರ್ಧ ಗೊಬ್ಬರ ಬೆರೆಸಿದೆ. ಬಕೆಟ್ಟಿನ ತಳಕ್ಕೆ ಸರಳು ಕಾಯಿಸಿ ನಾಲ್ಕು ತೂತು ಹೊಡೆದೆ. ಎಲ್ಲರೂ ಹೇಳುವಂತೆ ತಳದಲ್ಲಿ ನಾಲ್ಕು ಬೆರಳೆತ್ತರ ಚಿರೆಕಲ್ಲಿನ ಚೂರು ಹಾಸಿದೆ, ನೀರು ಬಸಿಯಲಿ ಎಂದು. ಕೊನೆಯಲ್ಲಿ ತಪ್ಪಾಗಿ ಕಂಡವು ಈ ಮೂರೂ: ಮಣ್ಣು, ತೂತು, ಕಲ್ಲು.

ಒಂದು ಬಕೆಟ್ಟಿಗೆ ನೀರು ಕುಡಿಸಿ, ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದೆ. 29 ಕಿಲೋ. ಹನ್ನೆರಡಕ್ಕೆ ಸುಮಾರು 350. ವಾಸದ ಮನೆಯ ಬಾಲ್ಕನಿಗೆ ಭಾರತೀಯ ಮಾನಕ 875ರ ಎರಡನೇ ಭಾಗ ಹಿಡಿಯುವ ಭಾರ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ. ಲೆಕ್ಕಕ್ಕೆ ನನ್ನದು ಬಹಳ ಒಳಗೇ ಇತ್ತು. ಆದರೆ ಬಿಸಿಲಿನ ಆಸೆಗೆ ಎಲ್ಲ ಬಕೆಟ್ಟನ್ನೂ ಕಟಕಟೆಯ ಅಂಚಿಗೇ ಸಾಲು ನಿಲ್ಲಿಸಿದ್ದೆ. ಹೊರಗೆ ಚಾಚಿದ ಚಪ್ಪಡಿಗೆ ತುದಿಯ ಭಾರವೇ ಹೆಚ್ಚು ಕಷ್ಟ. ಹಳೆಯ ಕಟ್ಟಡ, ಉಪ್ಪುಗಾಳಿಗೆ ಒಳಗಿನ ಕಬ್ಬಿಣ ಹೇಗಿದೆಯೋ ಕಂಡವರಿಲ್ಲ. ಅಂದಿನಿಂದಲೇ ಮಣ್ಣಿನ ಭಾರ ಇಳಿಸಬೇಕು ಎಂಬುದು ತಲೆಯಲ್ಲಿ ಕೂತಿತು.

ಏಪ್ರಿಲ್: ಉಪ್ಪು

ಬೀನ್ಸ್ ಎಲೆಯ ಅಂಚು ಬೀಡಿಗೆ ಸುಟ್ಟ ಹಾಗೆ ಕಂದಾಯಿತು. ಸಮುದ್ರದ ಗಾಳಿ ಅಂದುಕೊಂಡೆ. ಆದರೆ ಪಕ್ಕದಲ್ಲೇ ಇದ್ದ ಹರಿವೆ, ಅಲಸಂದೆಗೆ ಏನೂ ಆಗಿರಲಿಲ್ಲ. ಗಾಳಿ ಬೀನ್ಸ್ ಒಂದನ್ನೇ ಹುಡುಕಿ ಬೀಸುವುದಿಲ್ಲವಲ್ಲ. ನೀರಿನಲ್ಲಿ ಕರಗಿದ ಲವಣವನ್ನು (ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು) ತೋರಿಸುವ ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ತರಿಸಿ ನಮ್ಮ ಕಟ್ಟಡದ ಬೋರ್‌ವೆಲ್ ನೀರಿಗೆ ಅದ್ದಿದರೆ 1400 ತೋರಿಸಿತು. ನಳದ ನೀರು ನೂರರೊಳಗೆ. ಕಾಳಿ ನದಿ ಸಮುದ್ರ ಸೇರುವ ಜಾಗ ಇದು, ಬೇಸಿಗೆಯಲ್ಲಿ ನೆಲದಡಿಯ ನೀರಿಗೂ ಉಪ್ಪು ಏರುತ್ತದೆ. ಕುಂಡದಲ್ಲಿ ಇನ್ನೂ ಕಷ್ಟ, ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ ಕಟ್ಟಿದ್ದನ್ನು ನಾನು ಸುಣ್ಣ ಅಂದುಕೊಂಡಿದ್ದೆ. ಉಪ್ಪಿಗೆ ಬೀನ್ಸ್‌ನಷ್ಟು ಅಂಜುವ ತರಕಾರಿಗಳು ಕಡಿಮೆ. ಅಲಸಂದೆ ಗಟ್ಟಿ ಜೀವ.

ಪರಿಹಾರ ಮನೆಯಲ್ಲೇ ತೊಟ್ಟಿಕ್ಕುತ್ತಿತ್ತು. ಎ.ಸಿ.ಯ ನೀರು. ಕರಾವಳಿಯ ಬೆವರು ಹವೆಯಲ್ಲಿ ರಾತ್ರಿಯಿಡೀ ಓಡಿದರೆ ಬೆಳಗಿಗೆ ಅರ್ಧ ಬಕೆಟ್ ತುಂಬಿರುತ್ತದೆ, ಮೀಟರಿನಲ್ಲಿ ಹತ್ತಿಪ್ಪತ್ತರ ಮೇಲೆ ಹೋಗದು. ಅದಕ್ಕೆ ಅಕ್ಕಚ್ಚು ಸೇರಿಸಿದರೆ ಹನ್ನೆರಡು ಬಕೆಟ್ಟಿಗೆ ಹೆಚ್ಚುಕಡಿಮೆ ಸಾಕು. ವಾರಕ್ಕೊಮ್ಮೆ ನಳದ ನೀರನ್ನು ತಳದಿಂದ ಧಾರಾಳ ಹರಿಯುವಷ್ಟು ಹೊಯ್ದು ಉಪ್ಪು ತೊಳೆಯುತ್ತಿದ್ದೆ. ಆ ಹರಿದ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಯೋಚಿಸದೇ ಇದ್ದದ್ದಕ್ಕೆ ಜೂನ್‌ನಲ್ಲಿ ಉತ್ತರ ಸಿಕ್ಕಿತು.

ಜೂನ್: ಹರಣಿ ಕಟ್ಟಿದ್ದು

ನಮ್ಮ ಬಾಲ್ಕನಿಯ ನೀರು ಹೋಗಲು ಗೋಡೆಯಿಂದ ಒಂದು ಗೇಣು ಹೊರಚಾಚಿದ ಪೈಪಿನ ತುಂಡು ಮಾತ್ರ ಇದೆ. ಬಿದ್ದ ನೀರು ಗಾಳಿಗೆ ಒಳಬಡಿದು ನೇರ ಕೆಳಗಿನ ಬಾಲ್ಕನಿಗೆ. ಲೆಕ್ಕ ಹಾಕಿದೆ: ಬಕೆಟ್ಟಿನ ಬಾಯಿ ಒಂದಡಿ ಅಡ್ಡಗಲ. 100 ಮಿಲಿಮೀಟರ್ ಮಳೆ ಬಿದ್ದ ದಿನ ತೆರೆದಿಟ್ಟ ಒಂದು ಬಕೆಟ್ಟಿಗೆ 7 ಲೀಟರ್ ನೀರು. ನಮಗೆ ಮೇಲೆ ಸೂರಿದೆ ನಿಜ, ಆದರೆ ಆಷಾಢದ ಗಾಳಿಗೆ ಮಳೆ ಅಡ್ಡಡ್ಡಲೇ ಬರುತ್ತದೆ, ಅಂಚಿನ ಸಾಲಿಗೆ ಸೂರು ಇದ್ದೂ ಇಲ್ಲದ ಲೆಕ್ಕ.

ಹೊದಿಕೆಯ ಪ್ರಸಂಗ ಆದ ದಿನವೇ ಅಂಗಡಿಗೆ ಓಡಿ ಪ್ರತಿ ಬಕೆಟ್ಟಿನಡಿಗೂ ಪ್ಲಾಸ್ಟಿಕ್ ತಟ್ಟೆ ಇಟ್ಟೆ. ಗಾಬರಿಯಲ್ಲಿ ಮಾಡಿದ ಕೆಲಸ. ಹತ್ತು ದಿನಕ್ಕೆ ಡೆಂಗಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ನೋಡಿ, “ಸರ್, ಇಲ್ಲಿ ತಟ್ಟೆ ತಟ್ಟೆಗೂ ಹುಳ ಸಾಕಿದ್ದೀರಿ” ಎಂದರು. ಒಂದು ತಟ್ಟೆಯಲ್ಲಿ ಸೊಳ್ಳೆಮರಿ ಎಣಿಸಲಾರದಷ್ಟಿತ್ತು. ಮೇಲಿಂದ, ತಟ್ಟೆಯಲ್ಲಿ ನಿಂತ ನೀರನ್ನು ಬಕೆಟ್ ಮತ್ತೆ ಹೀರಿಕೊಂಡು ಬೇರು ಕೊಳೆಯುತ್ತಿತ್ತು. ತಟ್ಟೆ ತೆಗೆದು ಗುಜರಿಗೆ ಹಾಕಿದೆ. ಮಳೆಗಾಲದ ಕರಾವಳಿಯಲ್ಲಿ ಕುಂಡದಡಿ ತಟ್ಟೆ ಇಡಬಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾಗಿ ಊರಿನ ಹಂಚಿನ ಮಾಡಿನಂಚಿಗೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಹರಣಿ, ಅಂದರೆ ಮಳೆನೀರು ಹಿಡಿದು ಒಯ್ಯುವ ದೋಣಿ, ಕಟ್ಟುತ್ತಿದ್ದ ಹಾಗೆ ಬಕೆಟ್ ಸಾಲಿನ ಕೆಳಗೊಂದು ಹರಣಿ ಕಟ್ಟುವುದೆಂದು ನಿರ್ಧಾರವಾಯಿತು. ನಾಲ್ಕಿಂಚಿನ ಪಿವಿಸಿ ಪೈಪು, ಹತ್ತಡಿ. ಉದ್ದಕ್ಕೆ ಸೀಳಬೇಕು. ಹ್ಯಾಕ್ಸಾದಲ್ಲಿ ಒಂದಡಿ ಸೀಳುವಷ್ಟರಲ್ಲಿ ಗೆರೆ ಹಾವಿನಂತಾಯಿತು. ಆಮೇಲೆ ಪೈಪನ್ನು ಬಾಗಿಲಿನ ಹೊಸ್ತಿಲಿಗೆ ಒತ್ತಿಟ್ಟು, ಹೊಸ್ತಿಲಂಚನ್ನೇ ಪಟ್ಟಿ ಮಾಡಿಕೊಂಡು ಎರಡೂ ಕಡೆ ಗೆರೆ ಎಳೆದೆ. ಬಾಡಿಗೆ ಗ್ರೈಂಡರಿನಲ್ಲಿ ಹತ್ತು ನಿಮಿಷದ ಕೆಲಸ. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ, ಆ ಬಿಳಿ ಪುಡಿ ಕಿವಿಯೊಳಗೂ ಹೋಗುತ್ತದೆ.

ಪ್ಲಂಬರ್ ಒಬ್ಬರು ದಾರಿಯಲ್ಲಿ ನಿಂತು ಹೇಳಿಕೊಟ್ಟ ಒಂದು ಉಪಾಯ ಇಡೀ ಕೆಲಸವನ್ನು ಉಳಿಸಿತು: ಪೈಪಿನ ಎರಡೂ ತುದಿಯಲ್ಲಿ ಅರ್ಧ ಅಡಿ ಸೀಳದೇ ಬಿಡಿ. ನಡುವಿನ ಒಂಬತ್ತಡಿಯ ಮೇಲ್ಭಾಗ ಮಾತ್ರ ತೆಗೆದರೆ ಅದು ಹರಣಿ. ತುದಿಯಲ್ಲಿ ಪೈಪು ಗುಂಡಗೇ ಇರುವುದರಿಂದ ಒಂದು ಕಡೆ ಮುಚ್ಚುವ ಎಂಡ್ ಕ್ಯಾಪ್, ಇನ್ನೊಂದು ಕಡೆ ಬಾಯಿ ಕಿರಿದು ಮಾಡುವ ರೆಡ್ಯೂಸರ್, ತಿರುವಿನ ಎಲ್ಬೋ ಅಂಗಡಿಯಿಂದ ತಂದದ್ದು ಹಾಗೇ ಕೂರುತ್ತದೆ. ನಾನೊಬ್ಬನೇ ಮಾಡಿದ್ದರೆ ತುದಿಗೆ ಎಂ-ಸೀಲ್ ಮೆತ್ತುತ್ತ ಕೂರುತ್ತಿದ್ದೆ.

ಅವರೂ ಹೇಳದ ಒಂದು ಸಂಗತಿ: ಸೀಳಿದ ಮೇಲೆ ಪೈಪಿನ ಬಾಯಿ ನಡುವಿನಲ್ಲಿ ತಾನೇ ಒಳಮುಚ್ಚಿಕೊಳ್ಳುತ್ತದೆ. ತಯಾರಾಗುವಾಗಿನ ಬಿಗಿ ಪ್ಲಾಸ್ಟಿಕ್ಕಿನಲ್ಲಿ ಉಳಿದಿರುತ್ತದೆ. ಮರುದಿನ ನೋಡಿದರೆ ನಾಲ್ಕಿಂಚಿನ ಬಾಯಿ ನಡುವೆ ಮೂರಿಂಚೂ ಇರಲಿಲ್ಲ. ಎರಡಡಿಗೊಂದರಂತೆ ಅಡಿಕೆ ದಬ್ಬೆಯ ಚಕ್ಕೆಯನ್ನು ಅಡ್ಡ ಸಿಕ್ಕಿಸಿ ಸ್ಕ್ರೂ ಹಾಕಿ ಬಾಯಿ ಅಗಲಿಸಿದೆ.

ಹರಣಿ ಕೂರಬೇಕಾದರೆ ಬಕೆಟ್ ಎತ್ತರಕ್ಕೇರಬೇಕು. ಮೊದಲು ಮಾಡಿಸಿದ್ದ ಕಬ್ಬಿಣದ ಸ್ಟ್ಯಾಂಡಿಗೆ ರೆಡ್ ಆಕ್ಸೈಡ್ ಬಳಿದಿದ್ದರೂ ನಾಲ್ಕೇ ತಿಂಗಳಲ್ಲಿ ಬೆಸುಗೆಯ ಜಾಗವೆಲ್ಲ ಹಕ್ಕಳೆ ಎದ್ದಿತ್ತು. ಕೆಂಪು ನೀರಿನಲ್ಲಿ ಮಣ್ಣೆಷ್ಟು, ತುಕ್ಕೆಷ್ಟು ಎಂಬುದು ಈಗಲೂ ನನಗೆ ಅನುಮಾನ. ಅದನ್ನು ತೆಗೆದು ಊರಿಂದ ದಬ್ಬೆ ತರಿಸಿದೆ. ಬಸ್ಸಿನ ಮೇಲೆ ಹಾಕಿದ್ದಕ್ಕೆ ಕಂಡಕ್ಟರ್ ಲಗೇಜು ಟಿಕೆಟ್ ಹರಿಯುತ್ತ, “ಸಮುದ್ರದ ಹತ್ರ ತೋಟ ಮಾಡ್ತ್ರಾ?” ಎಂದು ಕೇಳಿದ. ದಬ್ಬೆಯನ್ನು ಒಂದೂವರೆ ಅಡಿ ಎತ್ತರದ ಮಂಚದ ಹಾಗೆ ಕಟ್ಟಿದ್ದು ಮೊಳೆಯಿಂದಲ್ಲ, ಬಲೆ ಅಂಗಡಿಯ ನೈಲಾನ್ ಹಗ್ಗದಿಂದ. ತುಕ್ಕಿನ ಮಾತೇ ಇಲ್ಲ. ಬಾಳಿಕೆಗೆಂದು ಹಿಂದೆ ದೋಣಿಗೆ ಬಳಿಯುತ್ತಿದ್ದ ಗೇರೆಣ್ಣೆ ಬಳಿದೆ. ಕೈಗವಸು ಹಾಕಿದ್ದೆ, ಮೊಣಕೈವರೆಗೆ ಅಲ್ಲ. ಎರಡು ವಾರ ಮುಂಗೈ ತುಂಬ ಬೊಬ್ಬೆ. ಗೇರುಬೀಜ ಸುಡುವಾಗ ಸಿಡಿಯುವುದೂ ಇದೇ ಎಣ್ಣೆ, ಗೊತ್ತಿದ್ದೂ ಮಾಡಿದ ದಡ್ಡತನ.

ಹರಣಿಗೆ ಓಟ (ಇಳಿಜಾರು) ಕೊಟ್ಟದ್ದು ಹತ್ತಡಿಗೆ ಒಂದೂವರೆ ಇಂಚು. ಕಡಿಮೆಯಾದರೆ ನೀರು ನಿಂತು ಮತ್ತೆ ಸೊಳ್ಳೆ. ಸ್ಪಿರಿಟ್ ಲೆವೆಲ್ ಬದಲು ಪಾರದರ್ಶಕ ನಳಿಗೆಗೆ ನೀರು ತುಂಬಿ ಎರಡು ತುದಿಯ ಮಟ್ಟ ಗುರುತು ಮಾಡಿದೆ. ಕೊನೆಯ ತುದಿಯಿಂದ ಒಂದೂವರೆ ಇಂಚಿನ ಪೈಪು ಮೂಲೆಯ ಮಳೆನೀರಿನ ಕೊಳವೆಗೆ. ಆ ಕೊಳವೆಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಲು ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಬೇಕು. ಸಭೆಯಲ್ಲಿ ನನ್ನ ಪರವಾಗಿ ಮೊದಲು ಕೈ ಎತ್ತಿದವರು ಯಾರೆಂದು ಬೇರೆ ಹೇಳಬೇಕಿಲ್ಲ, ಅವರಿಗೇ ಅಲ್ಲವೇ ಲಾಭ.

ಜುಲೈ: ಸ್ಪಂಜಿನ ಪಾಠ

ಹರಣಿ ಚೆನ್ನಾಗಿ ಕೆಲಸ ಮಾಡಿತು. ಗಿಡಗಳು ಮಾತ್ರ ಹಳದಿಯಾಗುತ್ತಲೇ ಇದ್ದವು. ಮೆಣಸಿನ ಗಿಡವೊಂದನ್ನು ಕಿತ್ತು ನೋಡಿದರೆ ಬುಡದ ಅರ್ಧ ಬೇರು ಕಂದಾಗಿ, ಹಿಡಿದೆಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಕೈಗೆ ಬಂತು. ಕೊಳೆನೀರಿನ ವಾಸನೆ. ತೂತು ಮುಚ್ಚಿಲ್ಲ, ಕಲ್ಲಿನ ಚೂರು ತೊಳೆದಂತೆ ಸ್ವಚ್ಛವಾಗಿದೆ, ಅದರ ಮೇಲಿನ ಮಣ್ಣು ಮಾತ್ರ ಹಸಿ ದೋಸೆಹಿಟ್ಟು.

ಇದು ಅರ್ಥವಾದದ್ದು ಪಾತ್ರೆ ತಿಕ್ಕುವ ಸ್ಪಂಜಿನಿಂದ. ನೀವೂ ಮಾಡಿ ನೋಡಿ. ಆಯತಾಕಾರದ ಸ್ಪಂಜನ್ನು ನೀರಲ್ಲಿ ಅದ್ದಿ, ಅಗಲವಾಗಿ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕಿ ತೊಟ್ಟಿಕ್ಕಿ ನಿಲ್ಲುತ್ತದೆ. ಹಿಂಡದೆ, ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ಧಾರೆ ಸುರಿಯುತ್ತದೆ. ಸ್ಪಂಜು ಅದೇ, ನೀರು ಅದೇ. ಸಣ್ಣ ರಂಧ್ರದ ವಸ್ತು ತನ್ನ ತಳದಲ್ಲಿ ಇಷ್ಟು ಎತ್ತರದ ನೀರನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಆ ಎತ್ತರ ರಂಧ್ರದ ಗಾತ್ರದ ಮೇಲೆ ನಿಲ್ಲುತ್ತದೆ, ಪಾತ್ರೆಯ ಆಳದ ಮೇಲಲ್ಲ. ಮಲಗಿದ ಸ್ಪಂಜಿನಲ್ಲಿ ಆ ಒದ್ದೆಯ ಪಟ್ಟಿ ಇಡೀ ಮೈ ಆವರಿಸುತ್ತದೆ, ನಿಂತ ಸ್ಪಂಜಿನಲ್ಲಿ ಬುಡ ಮಾತ್ರ.

ಬಕೆಟ್ಟಿನಲ್ಲಿ ಆಗುತ್ತಿದ್ದದ್ದು ಇದೇ. ಚಿರೆಮಣ್ಣು ಜಿಗುಟು, ರಂಧ್ರ ಸಣ್ಣದು, ಒದ್ದೆ ಪಟ್ಟಿ ಎತ್ತರ. ತಳಕ್ಕೆ ಕಲ್ಲು ಹಾಕಿದರೆ ನೀರು ಕಲ್ಲಿಗೆ ಇಳಿಯುವುದಿಲ್ಲ, ಮಣ್ಣು ಅದನ್ನು ಹಿಡಿದುಕೊಂಡು ಕಲ್ಲಿನ ಮೇಲೆಯೇ ನಿಲ್ಲುತ್ತದೆ. ಅಂದರೆ ನಾಲ್ಕು ಬೆರಳೆತ್ತರ ಕಲ್ಲು ಹಾಕಿ ನಾನು ಮಾಡಿದ್ದು ಒದ್ದೆ ಪಟ್ಟಿಯನ್ನು ಬೇರಿಗೆ ನಾಲ್ಕು ಬೆರಳು ಹತ್ತಿರ ತಂದದ್ದು. ಎಷ್ಟೋ ವರ್ಷಗಳಿಂದ ಎಲ್ಲರೂ ಹೇಳಿದ ಮಾತು, ನಾನೂ ಮೂವರಿಗೆ ಹೇಳಿದ್ದೇನೆ. ಆ ಮೂವರ ಕ್ಷಮೆ ಕೇಳಬೇಕು. ತೋಟದ ನೆಲದಲ್ಲಿ ಇದೇ ಮಣ್ಣು ಚೆನ್ನಾಗಿರುತ್ತದೆ, ಯಾಕೆಂದರೆ ಅಲ್ಲಿ ಕೆಳಗೆ ಮಣ್ಣು ಮುಗಿಯುವುದೇ ಇಲ್ಲ, ನೀರು ಇಳಿಯುತ್ತಲೇ ಹೋಗುತ್ತದೆ, ಇಳಿಯದಿದ್ದರೆ ಕಾಲುವೆ ತೋಡುತ್ತೇವೆ.

ಮಳೆ ನಡುವೆಯೇ ಎಲ್ಲ ಬಕೆಟ್ ಸುರಿದೆ. ಹೊಸ ಮಿಶ್ರಣ ಅಳತೆಯಲ್ಲಿ (ತೂಕದಲ್ಲಲ್ಲ): ಮೂರು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರಡು ಪಾಲು ಉಮಿಕರಿ (ಸುಟ್ಟು ಕರಿಯಾಗಿಸಿದ ಭತ್ತದ ಹೊಟ್ಟು), ಎರಡು ಪಾಲು ಎರೆಗೊಬ್ಬರ, ಒಂದು ಪಾಲು ಮಾತ್ರ ಮಣ್ಣು. ಉಮಿ ಅಕ್ಕಿ ಗಿರಣಿಯಿಂದ. ಸುಡುವಾಗ ಬೂದಿಯಾಗುವ ಮೊದಲೇ ನೀರು ಹೊಯ್ದು ಆರಿಸಬೇಕು, ಕರ್ರಗೆ ಉಮಿಯ ಆಕಾರ ಹಾಗೇ ಇರಬೇಕು. ಅಂಗಡಿಯ ಪರ್ಲೈಟ್ (ಕುಂಡದ ಮಣ್ಣಿಗೆ ಬೆರೆಸುವ ಹಗುರ ಬಿಳಿ ಕಲ್ಲಿನ ಕಾಳು) ಮಾಡುವ ಕೆಲಸವನ್ನು ಅದೇ ಮಾಡುತ್ತದೆ, ನೀರು ಇಳಿಯಲು, ಗಾಳಿ ಆಡಲು ದಾರಿ. ಕೊಕೊಪೀಟ್ ಐದು ಕಿಲೋ ಇಟ್ಟಿಗೆ ನೆನೆದರೆ 70 ಲೀಟರಿನಷ್ಟು ಉಬ್ಬುತ್ತದೆ. ಅದರಲ್ಲೂ ಉಪ್ಪಿರುತ್ತದೆ: ಮೊದಲ ಸಲ ಹಿಂಡಿದ ನೀರು ಮೀಟರಿನಲ್ಲಿ 1900, ಮೂರನೇ ತೊಳೆತಕ್ಕೆ 300. ಮೀಟರಿನ ಮುನ್ನೂರು ರೂಪಾಯಿ ಅಂದೇ ವಸೂಲಾಯಿತು. ಜೊತೆಗೆ ಪ್ರತಿ ಬಕೆಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಚಿಪ್ಪಿನ ಪುಡಿ. ಸುಟ್ಟ ಸುಣ್ಣ ಅಲ್ಲ, ಅದು ಹಿಡಿಗಟ್ಟಲೆ ಹಾಕಿದರೆ ಬೇರು ಸುಡುತ್ತದೆ. ಬಳಚು ತಿಂದು ಬಿಸಾಡಿದ ಚಿಪ್ಪನ್ನು ತೊಳೆದು ಒರಳಲ್ಲಿ ಕುಟ್ಟಿದ್ದು ಸಾಕು, ನಿಧಾನ ಕರಗುತ್ತದೆ. ಚಿಪ್ಪು ಕೊಟ್ಟದ್ದು ಕೆಳಗಿನ ಮನೆಯವರು, ಕುಟ್ಟಿದ್ದು ನಾನು.

ಕಲ್ಲು ಹಾಕಲಿಲ್ಲ. ತೂತಿನ ಮೇಲೆ ಸೊಳ್ಳೆಪರದೆಯ ತುಂಡು ಅಷ್ಟೇ. ತೂತನ್ನು ಡ್ರಿಲ್ಲಿನಿಂದ 10 ಮಿಲಿಮೀಟರಿಗೆ ದೊಡ್ಡದು ಮಾಡಿ ಎಂಟಕ್ಕೆ ಏರಿಸಿದೆ, ನಾಲ್ಕು ತಳದಲ್ಲಿ, ನಾಲ್ಕು ತಳದಂಚಿನ ಮಗ್ಗುಲಲ್ಲಿ. ಇನ್ನೊಂದು ಚಿಕ್ಕ ಸೇರ್ಪಡೆ: ನೆಲ ಒರೆಸುವ ಹಳೆಯ ಮಾಪಿನ ದಾರವನ್ನು ತೂತಿನಿಂದ ಹೊರಗೆ ಒಂದು ಗೇಣು ಇಳಿಬಿಟ್ಟು, ಒಳತುದಿಯನ್ನು ತಳದ ಮಿಶ್ರಣದಲ್ಲಿ ಹರವಿದೆ. ದಾರ ನೀರನ್ನು ಹೀರಿ ಹರಣಿಗೆ ಇಳಿಸುತ್ತದೆ, ಮಲಗಿದ ಸ್ಪಂಜಿಗೆ ಬಾಲ ಹಚ್ಚಿ ನಿಲ್ಲಿಸಿದ ಹಾಗೆ. ಮೊದಲು ದೀಪದ ಹತ್ತಿ ಬತ್ತಿ ಹಾಕಿದ್ದೆ, ಮೂರು ವಾರದಲ್ಲಿ ಕೊಳೆತು ಹೋಯಿತು. ಹೊಸ ಬಕೆಟ್ ನೀರು ಕುಡಿದ ಮೇಲೂ 19 ಕಿಲೋ. ಹನ್ನೆರಡಕ್ಕೆ 120 ಕಿಲೋ ಇಳಿಯಿತು, ಹೊರಗಿನ ಸಾಲಿನ ಚಿಂತೆಯೂ ಅಷ್ಟು ಇಳಿಯಿತು.

ಆಗಸ್ಟ್: ಬದನೆ ಸತ್ತದ್ದು

ಎಲ್ಲ ಸರಿಯಾಯಿತು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಎರಡು ಬದನೆ, ಒಂದು ಟೊಮೆಟೊ ಜೋತುಬಿದ್ದಿದ್ದವು. ಎಲೆ ಹಳದಿಯಾಗಿಲ್ಲ, ಹಸಿರು ಹಸಿರಾಗಿಯೇ ಬಾಡಿವೆ. ಸಂಜೆಗೆ ಸ್ವಲ್ಪ ಚೇತರಿಸಿಕೊಂಡವು, ಮೂರನೇ ದಿನ ಮುಗಿಯಿತು. ಈ ಸಲ ಬೇರು ನೋಡಿದರೆ ಕೊಳೆತಿರಲಿಲ್ಲ.

ಬುಡದ ಕಾಂಡವನ್ನು ಓರೆಯಾಗಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲ್ಲಾಡಿಸದೆ ಹಿಡಿದೆ. ಎರಡು ನಿಮಿಷಕ್ಕೆ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆಗಳು ನೀರಿಗೆ ಇಳಿಯತೊಡಗಿದವು, ಊದಿನಕಡ್ಡಿಯ ಹೊಗೆ ತಲೆಕೆಳಗಾದಂತೆ. ದುಂಡಾಣು ಸೊರಗು ರೋಗ. ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ನೀರಿನ ಕೊಳವೆಯನ್ನೇ ಕಟ್ಟಿ ಗಿಡವನ್ನು ಕೊಲ್ಲುತ್ತದೆ. ನಮ್ಮ ಹುಳಿಮಣ್ಣು, ಬಿಸಿ, ತೇವ ಎಲ್ಲವೂ ಅದಕ್ಕೆ ಹಬ್ಬ. ಸಿಂಪಡಿಸಿ ಗುಣಮಾಡುವ ಔಷಧ ಇಲ್ಲ.

ಊರಿಗೆ, ಆಯಿಗೆ (ಅಮ್ಮನಿಗೆ) ಫೋನು ಮಾಡಿದೆ. “ತಮಾ, ಆ ಮಣ್ಣು ಎಲ್ಲಿಂದ ತಗಂಡು ಹೋಗಿದ್ದೆ?” ಹಿತ್ತಲಿನ ಮಣ್ಣು ಅಂದೆ. “ಬದನೆ ಸಾಲಿಂದ? ಅಲ್ಲಿ ಹೋದ ವರ್ಷ ಬದನೆ ಎಲ್ಲ ಬಾಡಿ ಹೋಗಿತ್ತಲ, ಅದ್ನೇ ಒಯ್ದು ಬದನೆಗೇ ಹಾಕಿದ್ಯ!” ಘಟ್ಟ ಇಳಿಸಿ ತಂದ ಆರು ಚೀಲ ಹೆಮ್ಮೆಯ ಒಳಗೆ ರೋಗವೂ ಪುಕ್ಕಟೆ ಬಂದಿತ್ತು. ಮಿಶ್ರಣದಲ್ಲಿ ಒಂದೇ ಪಾಲು ಮಣ್ಣಿದ್ದರೂ ಅಷ್ಟು ಸಾಕು. ಅದಕ್ಕಿಂತ ಕೆಟ್ಟದ್ದೆಂದರೆ, ಒಂದೇ ಕತ್ತರಿಯಲ್ಲಿ ಎಲ್ಲ ಗಿಡದ ಎಲೆ ಸವರುತ್ತಿದ್ದೆ.

ಆ ಮೂರು ಬಕೆಟ್ಟಿನ ಮಿಶ್ರಣವನ್ನು ಚೀಲ ಕಟ್ಟಿ ಬದಿಗಿಟ್ಟೆ. ಈ ಏಪ್ರಿಲ್-ಮೇಯಲ್ಲಿ ತಾರಸಿಯ ಮೇಲೆ ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಆರು ವಾರ ಬೇಯಿಸಿದ್ದೇನೆ. ಇದು ರೋಗಾಣು ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುತ್ತದೆ ಎಂಬ ನಂಬಿಕೆ ನನಗಿಲ್ಲ. ಹಾಗಾಗಿ ಅದರಲ್ಲಿ ಹರಿವೆ, ಬಸಳೆ ಬಿಟ್ಟು ಬೇರೇನೂ ಹಾಕುವುದಿಲ್ಲ. ಟೊಮೆಟೊಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಂದೆ, ಎಲೆಮುದುಡು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುವ ತಳಿ. ಮಿಶ್ರತಳಿಯಾದ್ದರಿಂದ ಬೀಜ ಕಟ್ಟಿಟ್ಟುಕೊಂಡು ಪ್ರಯೋಜನವಿಲ್ಲ, ಪ್ರತಿ ಸಲ ಕೊಳ್ಳಬೇಕು.

ಬದನೆಗೆ ಬೇಲಿಬದಿಯ ಸುಂಡೆ ಗಿಡದ ಮೇಲೆ ಕಸಿ ಕಟ್ಟಿದೆ. ಸುಂಡೆಯ ಬೇರಿಗೆ ಈ ರೋಗ ಸುಲಭಕ್ಕೆ ತಾಗದು. ಪೆನ್ಸಿಲಿಗಿಂತ ಸಣ್ಣ ಕಾಂಡ ಇರುವಾಗ ಸುಂಡೆಯ ತಲೆ ಹಾರಿಸಿ, ನಡುವೆ ಸೀಳಿ, ಬದನೆಯ ಕುಡಿಯನ್ನು ಬೆಣೆಯಂತೆ ಹೆರೆದು ಕೂರಿಸಿದೆ. ಕ್ಲಿಪ್ಪಿನ ಬದಲು ಜ್ಯೂಸಿನ ಸ್ಟ್ರಾ ಸೀಳಿ ಸುತ್ತಿದೆ. ಮೇಲೆ ನೀರಿನ ಬಾಟಲಿ ಬೋರಲು ಹಾಕಿ ಒಂದು ವಾರ ನೆರಳಲ್ಲಿಟ್ಟೆ. ಆರರಲ್ಲಿ ನಾಲ್ಕು ಹಿಡಿದವು. ಅಪ್ಪೆಮಿಡಿ ಕಸಿ ಕಟ್ಟುವ ಊರಿನವನಿಗೆ ನಾಲ್ಕು ಕಡಿಮೆಯೇ, ಆದರೆ ಆ ನಾಲ್ಕೂ ಇನ್ನೂ ಬದುಕಿವೆ.

ನವೆಂಬರಿನಿಂದ ಮೇವರೆಗೆ

ಈ ಭಾಗದಲ್ಲಿ ಹೇಳುವಂಥದ್ದು ಕಡಿಮೆ, ಬೆಳೆದದ್ದು ಹೆಚ್ಚು. ಹರಿವೆ ಬಿತ್ತಿ ಇಪ್ಪತ್ತೈದು ದಿನಕ್ಕೆ ಕೊಯ್ಲು, ಮೂರು ಬಕೆಟ್ಟಿನಲ್ಲಿ ಹತ್ತು ದಿನಕ್ಕೊಂದರಂತೆ ಬಿತ್ತುತ್ತ ಹೋದರೆ ಸಾಲು ತಪ್ಪುವುದಿಲ್ಲ. ಬೀಜ ರವಿವಾರದ ಸಂತೆಯಲ್ಲಿ ಸೊಪ್ಪು ಮಾರುವ ಹಾಲಕ್ಕಿ ಸಮುದಾಯದ ಅಮ್ಮನ ಹತ್ತಿರ ಚಿಟಿಕೆ ಲೆಕ್ಕದಲ್ಲಿ ತಂದದ್ದು, ಪ್ಯಾಕೆಟ್ಟಿನ ಬೀಜಕ್ಕಿಂತ ಗಟ್ಟಿಯಾಗಿ ಹುಟ್ಟಿತು. ಅಲಸಂದೆ, ಸೂಜಿಮೆಣಸು ಕೇಳದೆ ಕೊಟ್ಟವು. ಮೊಗೆಕಾಯಿ ಬಾಲ್ಕನಿಯ ಬೆಳೆಯಲ್ಲ, ಬಳ್ಳಿ ಬೆಡ್‌ರೂಮಿನ ಕಿಟಕಿವರೆಗೆ ಹೋಗಿ ಒಂದೇ ಕಾಯಿ ಬಿಟ್ಟಿತು. ಹೀರೆಗೆ ಜೇನು ಬರುತ್ತಿರಲಿಲ್ಲ. ಅದರ ಹೂ ಅರಳುವುದು ಸಂಜೆ, ಆಫೀಸಿನಿಂದ ಬಂದವನೇ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸುವುದು ದಿನದ ಕೆಲಸವಾಯಿತು. ಹಾಗಲದ್ದು ಬೆಳಿಗ್ಗೆ ಬೇಗ ಅರಳುತ್ತದೆ, ಅದನ್ನು ಹೆಂಡತಿ ನೋಡಿಕೊಂಡಳು. ಮಾರ್ಚಿನಲ್ಲಿ ಇಳಿಬಿಸಿಲಿಗೆ ಬಕೆಟ್ ಮುಟ್ಟಲಾರದಷ್ಟು ಕಾಯುತ್ತಿತ್ತು, ಹೊರಮೈಗೆ ಸುಣ್ಣ ಬಳಿದ ಮೇಲೆ ತಣ್ಣಗಾಯಿತು.

ಬಸಳೆಗೆ ಹಳೆಯ ಮೀನುಬಲೆಯ ತುಂಡನ್ನು ಕಟಕಟೆಗೆ ಕಟ್ಟಿದ್ದೆ. ಅದು ಮೇಲೆ ಹತ್ತುವ ಬದಲು ಬಲೆಯ ಕೊನೆ ಹಿಡಿದು ಕೆಳಗಿಳಿದು ಕೆಳಮನೆಯ ಗ್ರಿಲ್ಲಿಗೆ ಸುತ್ತಿತು. ಕತ್ತರಿಸಲೇ ಎಂದು ಕೇಳಿದೆ. ಬೇಡವೆಂದರು. ಈಗ ಅವರು ಮೀನು ತೊಳೆದ ನೀರನ್ನು ಲಿಫ್ಟಿನಲ್ಲಿ ಮೇಲೆ ಕಳಿಸುತ್ತಾರೆ, ನಾನು ಮೂಗು ಮುಚ್ಚಿಕೊಂಡು ಬಸಳೆ ಬುಡಕ್ಕೆ ಹೊಯ್ಯುತ್ತೇನೆ. ಅವರ ಮನೆಯಲ್ಲಿ ಅದು ಶೆಟ್ಲಿ (ಸಿಗಡಿ) ಜೊತೆ, ನಮ್ಮ ಮನೆಯಲ್ಲಿ ತೊಗರಿಬೇಳೆ ಜೊತೆ.

ಈ ಜೂನ್

ಮೊದಲ ದೊಡ್ಡ ಮಳೆಯ ರಾತ್ರಿ ಎದ್ದು ಟಾರ್ಚ್ ಹಿಡಿದು ಹೋದೆ. ಹರಣಿ ಹರಿಯುತ್ತಿತ್ತು. ಮಳೆ ನಿಂತ ಮೇಲೆ ಒಂದೊಂದು ಬಕೆಟ್ಟೂ ಎಷ್ಟು ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲಿಸುತ್ತದೆ ಎಂದು ಮೊಬೈಲಿನಲ್ಲಿ ಸಮಯ ಬರೆದುಕೊಂಡೆ. ಹತ್ತು ಬಕೆಟ್ ಇಪ್ಪತ್ತರಿಂದ ಮೂವತ್ತು ನಿಮಿಷ. ಮೂರನೆಯದೂ ಒಂಬತ್ತನೆಯದೂ ತೊಟ್ಟಿಕ್ಕಲೇ ಇಲ್ಲ, ಮೇಲೆ ಎರಡು ಬೆರಳು ನೀರು ನಿಂತಿತ್ತು. ಮೂರನೆಯದರಲ್ಲಿ ಬಸಳೆ ಬೇರು ಪರದೆಯನ್ನೇ ನೇಯ್ದುಬಿಟ್ಟಿತ್ತು. ಮುರಿದ ಕೊಡೆಯ ಕಡ್ಡಿಯನ್ನು ಮಗ್ಗುಲ ತೂತಿನಿಂದ ತೂರಿಸಿ ತಿರುವಿದೆ, ಒಂದು ಚೆಂಬು ಕಪ್ಪು ನೀರು ಭುಸ್ಸೆಂದು ಹರಣಿಗೆ ಬಿತ್ತು. ಒಂಬತ್ತನೆಯದು ಕಡ್ಡಿಗೂ ಬಗ್ಗಲಿಲ್ಲ. ಅದನ್ನು ಈ ಶನಿವಾರ ಸುರಿದು ನೋಡಬೇಕು, ಮಾಪಿನ ದಾರ ಹಾಕಲು ಮರೆತದ್ದು ಅದಕ್ಕೇ ಇರಬೇಕು.